ಇರಾನಿನ ಆರೋಗ್ಯಗೃಹಗಳು

ಇರಾನ್ ದೇಶದ ಹಳ್ಳಿಗಳಲ್ಲಿ ‘ಆರೋಗ್ಯಗೃಹ’ ಎಂಬ ಚಿಕ್ಕ ಕಟ್ಟಡಗಳಿವೆ. ಸುಮಾರು 1,500 ಜನರಿಗೆ ಒಂದರಂತೆ ಇವು ಸ್ಥಾಪಿತವಾದುವು. ಇಲ್ಲಿ ಕೆಲಸ ಮಾಡುವವರಿಗೆ ‘ಬೆಹ್ವರ್ಜ್’ ಎಂದು ಹೆಸರು. ಇವರು ವೈದ್ಯರಲ್ಲ; ಅದೇ ಊರಿನವರು, ಎರಡು ವರ್ಷ ಶಿಕ್ಷಣ ಪಡೆದವರು. ಲಸಿಕೆ ಹಾಕುವುದೂ ಗರ್ಭಿಣಿಯರ ಆರೈಕೆಯೂ ಇವರ ಕರ್ತವ್ಯ. 1989ರ ತರುವಾಯ ಗರ್ಭನಿರೋಧಕ ಗುಳಿಗೆಗಳನ್ನು ಉಚಿತವಾಗಿ ಹಂಚುವ ಹೊಣೆಯೂ ಇವರದಾಯಿತು.

ಗುಳಿಗೆಯ ಕಾರ್ಯವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಪ್ರತಿ ತಿಂಗಳೂ ಅಂಡಾಶಯದಿಂದ ಅಂಡಾಣುವೊಂದು ಹೊರಬೀಳಬೇಕಾದರೆ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಸೂಚನೆ ಬರಬೇಕು. ಗರ್ಭಿಣಿಯ ರಕ್ತದಲ್ಲಿ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೆರಾನ್ ಎಂಬ ಹಾರ್ಮೋನುಗಳು ಅಧಿಕವಾಗಿರುವುದರಿಂದ ಈ ಸೂಚನೆ ಹೊರಡುವುದಿಲ್ಲ. ಗುಳಿಗೆಯಲ್ಲಿರುವುದು ಇವೇ ಹಾರ್ಮೋನುಗಳನ್ನು ಹೋಲುವ ವಸ್ತುಗಳು. ಗ್ರಂಥಿಯು ಮೋಸಹೋಗುತ್ತದೆಯೆಂದರೂ ಸರಿಯೆ. ಆದರೆ ಗುಳಿಗೆಯನ್ನು ದಿನವೂ ತಪ್ಪದೆ ನುಂಗಬೇಕು. ಸರಬರಾಜು ನಿಂತರೆ ಅದರ ಫಲವೂ ನಿಲ್ಲುತ್ತದೆ.

ಇಸ್ಲಾಂ ಧರ್ಮವು ಇದನ್ನು ಒಪ್ಪುವುದೇ ಎಂದು ಓದುಗರು ಕೇಳಬಹುದು. ಪ್ರಶ್ನೆ ಹೊಸದಲ್ಲ. ಗರ್ಭವನ್ನು ತಪ್ಪಿಸುವ ಕ್ರಮವೊಂದನ್ನು ಹನ್ನೊಂದನೆಯ ಶತಮಾನದ ಪಾರಸಿಕ ಪಂಡಿತ ಅಲ್-ಗಜ಼ಾಲಿಯೇ ಚರ್ಚಿಸಿ ಅನುಮತಿಸಿದ್ದನು. 1979ರ ಕ್ರಾಂತಿಯ ನಾಯಕ ಖೊಮೇನಿಯವರೂ ಗರ್ಭನಿರೋಧವನ್ನು ನಿಷೇಧಿಸಲಿಲ್ಲ. ಸ್ತ್ರೀಗೆ ಅಪಾಯವಾಗಬಾರದು, ಪತಿಯ ಸಮ್ಮತಿ ಇರಬೇಕು ಎಂಬುವು ಅವರ ನಿಬಂಧನೆಗಳು. ಈ ಎರಡನೆಯ ನಿಬಂಧನೆಯನ್ನು ನಾವು ಗಮನದಲ್ಲಿಡಬೇಕು.

1967ರಲ್ಲಿ ಷಾ ದೊರೆಯ ಸರ್ಕಾರವು ಆರಂಭಿಸಿದ್ದ ಕುಟುಂಬ ಯೋಜನೆಯು ಕ್ರಾಂತಿಯ ಬಳಿಕ ಮೂಲೆಗೆ ಬಿದ್ದಿತು. 1986ರ ಜನಗಣತಿಯಲ್ಲಿ ಜನಸಂಖ್ಯೆ ಐದು ಕೋಟಿಯ ಸಮೀಪಕ್ಕೆ ಬಂದಿತ್ತು. ಯುದ್ಧದಿಂದ ಬಳಲಿದ್ದ ಸರ್ಕಾರಕ್ಕೆ ಅನ್ನ, ಶಾಲೆ, ಉದ್ಯೋಗಗಳ ಚಿಂತೆ ಹತ್ತಿತು. 1989ರಲ್ಲಿ ಯೋಜನೆ ಮರುಜೀವ ಪಡೆಯಿತು. ವಿವಾಹಕ್ಕೆ ಮುನ್ನ ವಧೂವರರು ಈ ವಿಷಯದ ಪಾಠ ಕೇಳುವುದು ಕಡ್ಡಾಯವಾಯಿತು. ಪುರುಷರಿಗೂ ಶಸ್ತ್ರಚಿಕಿತ್ಸೆ ಉಚಿತವಾಗಿ ದೊರೆಯಿತು. 1980ರ ದಶಕದ ನಡುವೆ ಸ್ತ್ರೀಯೊಬ್ಬಳಿಗೆ ಸರಾಸರಿ ಆರಕ್ಕೂ ಹೆಚ್ಚು ಮಕ್ಕಳಾಗುತ್ತಿದ್ದರೆ, 2000ದ ವೇಳೆಗೆ ಆ ಸಂಖ್ಯೆ ಎರಡರ ಆಸುಪಾಸಿಗೆ ಇಳಿಯಿತು. ಇಷ್ಟು ತೀವ್ರವಾದ ಇಳಿತವು ಜಗತ್ತಿನಲ್ಲಿಯೇ ವಿರಳ. ಇದರ ಯಶಸ್ಸೆಲ್ಲವೂ ಗುಳಿಗೆಯದೆಂದು ತಿಳಿಯಲಾಗದು. ಅದೇ ಕಾಲದಲ್ಲಿ ಹಳ್ಳಿಯ ಹುಡುಗಿಯರು ಶಾಲೆಗೆ ಬಂದರು, ಶಿಶುಮರಣ ಕುಗ್ಗಿತು.

ಆದರೆ ಯೋಜನೆಯ ಗುರಿ ಜನಸಂಖ್ಯೆಯನ್ನು ತಗ್ಗಿಸುವುದಾಗಿತ್ತೇ ಹೊರತು, ತನ್ನ ಗರ್ಭದ ವಿಷಯದಲ್ಲಿ ಸ್ತ್ರೀಯೇ ನಿರ್ಧರಿಸಲೆಂಬುದಲ್ಲ. ಆದುದರಿಂದಲೇ ಸರ್ಕಾರದ ಲೆಕ್ಕಾಚಾರ ಬದಲಾದೊಡನೆ ಸೌಲಭ್ಯವೂ ಹೋಯಿತು. ಮುದುಕರ ದೇಶವಾದೇವೆಂಬ ಭಯದಿಂದ 2012ರಲ್ಲಿ ಸರ್ಕಾರವು ಯೋಜನೆಗೆ ಹಣ ಒದಗಿಸುವುದನ್ನು ನಿಲ್ಲಿಸಿತು. 2021ರ ಕಾನೂನು ಸರ್ಕಾರಿ ಆರೋಗ್ಯಕೇಂದ್ರಗಳಲ್ಲಿ ಗರ್ಭನಿರೋಧಕಗಳ ಉಚಿತ ಹಂಚಿಕೆಯನ್ನು ತಡೆಯಿತು. ಪ್ರಾಣಾಪಾಯದಂತಹ ಸಂದರ್ಭಗಳ ಹೊರತು ಸಂತಾನಹರಣ ಚಿಕಿತ್ಸೆಯನ್ನೂ ನಿಷೇಧಿಸಿತು.

ಹೀಗಾದರೂ ಜನನ ಪ್ರಮಾಣವು ಜನಸಂಖ್ಯೆಯನ್ನು ಸ್ಥಿರವಾಗಿಡಲು ಬೇಕಾದ 2.1ಕ್ಕಿಂತ ಕೆಳಗೇ ಉಳಿದಿದೆ. ಚಿಕ್ಕ ಸಂಸಾರದ ಇಚ್ಛೆಯು ಕಾನೂನಿನಿಂದ ಅಳಿಯಲಿಲ್ಲ. ಟೆಹರಾನಿನ ಅನುಕೂಲಸ್ಥ ಗೃಹಿಣಿಯು ಔಷಧದ ಅಂಗಡಿಯಲ್ಲಿ ಹಣ ತೆರಬಲ್ಲಳು. ಹಳ್ಳಿಯ ಬಡ ಸ್ತ್ರೀಗೆ ಸಮೀಪದಲ್ಲಿದ್ದುದು ಆರೋಗ್ಯಗೃಹದ ಬೀರು ಒಂದೇ. ಅವಳ ಮಗುವಿಗೆ ಲಸಿಕೆಯು ಅಲ್ಲಿ ಈಗಲೂ ಉಚಿತವಾಗಿಯೇ ದೊರೆಯುತ್ತದೆ.