ನಾಯಿ ಮೇಷ್ಟ್ರೂ ಕಾಲಯಂತ್ರವೂ



ಮನುಷ್ಯರು ನಾಯಿ ಸಾಕುವುದನ್ನು ನಾವೆಲ್ಲ ನೋಡಿದ್ದೇವೆ. ನಾಯಿಯೇ ಒಬ್ಬ ಹುಡುಗನನ್ನು ದತ್ತು ತಗೊಂಡು ಸಾಕಿದರೆ ಹೇಗಿರುತ್ತೆ? ಅಮೇರಿಕ ದೇಶದ ಒಂದು ಹಳೆಯ ಕಾರ್ಟೂನಿನಲ್ಲಿ ಹೀಗೇ ಇದೆ. ನಾಯಿಯ ಹೆಸರು ಮಿಸ್ಟರ್ ಪೀಬಾಡಿ. ಹುಡುಗನ ಹೆಸರು ಶೆರ್ಮನ್. ಇಬ್ಬರಿಗೂ ಕನ್ನಡಕ!

ಕಾರ್ಟೂನಿನ ಪರಿಚಯ

ಈ ಕಾರ್ಟೂನಿನ ಹೆಸರು 'ಪೀಬಾಡೀಸ್ ಇಂಪ್ರಾಬಬಲ್ ಹಿಸ್ಟರಿ'. ನಂಬಲಾಗದ ಇತಿಹಾಸ ಎಂದು ಅರ್ಥ ಮಾಡಿಕೊಳ್ಳಬಹುದು. ಇದರ ಕಲ್ಪನೆ ಟೆಡ್ ಕೀ ಎಂಬುವರದು. ತಯಾರಿಸಿದ್ದು ಜೇ ವಾರ್ಡ್ ಅವರ ಸಂಸ್ಥೆ. 1959ರಲ್ಲಿ 'ರಾಕಿ ಅಂಡ್ ಹಿಸ್ ಫ್ರೆಂಡ್ಸ್' ಎಂಬ ಟಿ.ವಿ. ಕಾರ್ಯಕ್ರಮದ ಒಂದು ಭಾಗವಾಗಿ ಶುರುವಾಯಿತು. ಒಟ್ಟು 91 ಕಥೆಗಳಿವೆ. 2014ರಲ್ಲಿ ಇದೇ ನಾಯಿ ಮತ್ತು ಹುಡುಗನ ಮೇಲೆ ಸಿನಿಮಾ ಕೂಡ ಬಂತು.

ಪೀಬಾಡಿ ಬಹಳ ಬುದ್ಧಿವಂತ. ಅವನು 'ವೇಬ್ಯಾಕ್' ಎಂಬ ಕಾಲಯಂತ್ರವನ್ನು ಮಾಡಿದ್ದಾನೆ. ಇಂಗ್ಲಿಷಿನಲ್ಲಿ ಹಾಗೆಂದರೆ 'ಬಹಳ ಹಿಂದೆ'. ಅದರೊಳಗೆ ಹೊಕ್ಕರೆ ಬೇಕಾದ ಇಸವಿಗೆ ಹೋಗಬಹುದು. ಅಲ್ಲಿ ನೋಡಿದರೆ ಇತಿಹಾಸದ ದೊಡ್ಡ ವ್ಯಕ್ತಿಗಳೆಲ್ಲ ಏನು ಮಾಡಬೇಕೋ ತಿಳಿಯದೆ ಪೇಚಾಡುತ್ತಿರುತ್ತಾರೆ. ಪೀಬಾಡಿ ಉಪಾಯ ಹೇಳಿ ಎಲ್ಲಾ ಸರಿಮಾಡುತ್ತಾನೆ. ಕೊನೆಗೆ ಒಂದು ಶಬ್ದದ ಚಮತ್ಕಾರ ಮಾಡಿ ಮುಗಿಸುತ್ತಾನೆ. ನಾನು ಇದನ್ನು ನೋಡಿ ಬಹಳ ನಕ್ಕಿದ್ದೇನೆ. ಆದರೆ ಒಂದು ವಿಷಯ ನೆನಪಿರಲಿ. ನಿಜವಾದ ಇತಿಹಾಸ ಗೊತ್ತಿದ್ದವರಿಗೇ ಈ ನಗೆ ಪೂರ್ತಿ ಸಿಗುವುದು. ಗೊತ್ತಿಲ್ಲದವರು ತಮಾಷೆಯನ್ನೇ ನಿಜ ಅಂದುಕೊಂಡು ಬಿಡುತ್ತಾರೆ.

ನಿಜವಾಗಿ ನಡೆದದ್ದೇನು?

ಈ ಕಾರ್ಟೂನಿನಲ್ಲಿ ವಿಮಾನ ಕಂಡುಹಿಡಿದ ರೈಟ್ ಸಹೋದರರ ಕಥೆಯೂ ಒಂದು. ನಿಜವಾದ ವಿಲ್ಬರ್ ಮತ್ತು ಆರ್ವಿಲ್ ರೈಟ್ ಅವರಿಗೆ ಯಾವ ನಾಯಿಯೂ ಬಂದು ಹೇಳಿಕೊಡಲಿಲ್ಲ. ಅವರದು ಡೇಟನ್ ಎಂಬ ಊರಿನಲ್ಲಿ ಸೈಕಲ್ ಅಂಗಡಿ. 1901ರಲ್ಲಿ ಅವರು ಮಾಡಿದ ಗ್ಲೈಡರ್ ಅಂದುಕೊಂಡಷ್ಟು ಮೇಲಕ್ಕೆ ಏಳಲಿಲ್ಲ. ಆಗ ಅವರು ಕೈಬಿಡದೆ 6 ಅಡಿ ಉದ್ದದ ಒಂದು ಪೆಟ್ಟಿಗೆ ಮಾಡಿ, ಅದರೊಳಗೆ ಗಾಳಿ ಬಿಟ್ಟು, ಸುಮಾರು 200 ಬಗೆಯ ಪುಟ್ಟ ರೆಕ್ಕೆಗಳನ್ನು ಪರೀಕ್ಷೆ ಮಾಡಿದರು. ಎಂಜಿನ್ ಮಾಡಿಕೊಟ್ಟವರು ಅವರ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್. 1903ರ ಡಿಸೆಂಬರ್ 17ರಂದು ಆರ್ವಿಲ್ 12 ಸೆಕೆಂಡಿನಲ್ಲಿ 120 ಅಡಿ ಹಾರಿದರು. ಅದೇ ದಿನ ನಾಲ್ಕನೇ ಹಾರಾಟದಲ್ಲಿ ವಿಲ್ಬರ್ 59 ಸೆಕೆಂಡಿನಲ್ಲಿ 852 ಅಡಿ ಹಾರಿದರು.

ಕಾಲಯಂತ್ರ ಇಲ್ಲದೆ ಇದೆಲ್ಲ ನಮಗೆ ಹೇಗೆ ಗೊತ್ತಾಯಿತು? ಆರ್ವಿಲ್ ದಿನಚರಿ ಬರೆದಿಟ್ಟಿದ್ದರು. ಮೊದಲ ಹಾರಾಟದ ಫೋಟೋ ಇದೆ. ಕಣ್ಣಾರೆ ಕಂಡವರು 5 ಜನ ಇದ್ದರು. ಇವೇ ಆಧಾರಗಳು. ಇತಿಹಾಸಕ್ಕೆ ಆಧಾರವೇ ಕಾಲಯಂತ್ರ.

ನನ್ನ ಅಭಿಪ್ರಾಯ

ನಮಗೂ ಒಬ್ಬ ಪೀಬಾಡಿ ಇದ್ದಾನೆ. ಅವನೇ ಗೈಡ್! ಪ್ರಶ್ನೆ ಓದುವುದರೊಳಗೆ ಉತ್ತರ ಕೊಡುತ್ತಾನೆ. ಅದನ್ನು ಬಾಯಿಪಾಠ ಮಾಡಿ 1903 ಎಂದು ಬರೆದರೆ ಮಾರ್ಕ್ಸೇನೋ ಬರುತ್ತೆ. ಆದರೆ ಆ 200 ರೆಕ್ಕೆಗಳ ಕಷ್ಟ ನಮಗೆ ಗೊತ್ತಾಗುವುದೇ ಇಲ್ಲ. ದೊಡ್ಡವರೆಲ್ಲ ಹುಟ್ಟಿನಿಂದಲೇ ಜಾಣರು, ನಮ್ಮಂಥವರ ಕೈಲಿ ಆಗಲ್ಲ ಅಂತ ಸುಮ್ಮನೆ ಕೂತುಬಿಡುತ್ತೇವೆ. ಸೈಕಲ್ ರಿಪೇರಿ ಮಾಡುತ್ತಿದ್ದವರು ವಿಮಾನ ಮಾಡಿದರು ಎಂಬುದು ತಿಳಿದರೆ ಹಾಗೆ ಅನ್ನಿಸುವುದಿಲ್ಲ.

ಆದ್ದರಿಂದ ಕಾರ್ಟೂನ್ ನೋಡಿ ನಗೋಣ. ಆಮೇಲೆ "ಇದು ನಿಜವೇ? ಆಧಾರ ಏನು?" ಎಂದು ಗುರುಗಳನ್ನು ಕೇಳೋಣ.

ಉತ್ತರಿಸಿ ನೋಡಿ:
1. ಶೆರ್ಮನ್‌ನನ್ನು ಸಾಕಿದವರು ಯಾರು?
2. ರೈಟ್ ಸಹೋದರರು ಗಾಳಿಪೆಟ್ಟಿಗೆಯನ್ನು ಏಕೆ ಮಾಡಿದರು?
3. ನಿಮ್ಮ ಅಜ್ಜಿ ಹೇಳಿದ ಒಂದು ಹಳೇ ಸಂಗತಿಗೆ ಆಧಾರ ಹುಡುಕಿ ಬರೆಯಿರಿ.

– 7ನೇ ತರಗತಿ