ಮೀನಿನ ಸಂತಾನಕ್ಕೆ ಹಾರ್ಮೋನ್ ಕಂಟಕ

ಕೆನಡಾದ ಒಂಟಾರಿಯೊ ಪ್ರಾಂತ್ಯದ ‘ಸರೋವರ 260’: ಈ ಹೆಸರು ನೆನಪಿರಲಿ. ಗರ್ಭನಿರೋಧಕ ಮಾತ್ರೆಗಳಲ್ಲಿರುವ ಕೃತಕ ಈಸ್ಟ್ರೋಜನ್ ಎಥಿನೈಲ್ ಈಸ್ಟ್ರಡೈಯೋಲನ್ನು ವಿಜ್ಞಾನಿಗಳು 2001ರಿಂದ 2003ರವರೆಗೆ ಇಡೀ ಸರೋವರಕ್ಕೇ ಬೆರೆಸಿ ನೋಡಿದರು. ಪ್ರಮಾಣ ಲೀಟರಿಗೆ ಬರೀ 5-6 ನ್ಯಾನೊಗ್ರಾಂ. ಒಂದು ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಅಷ್ಟಕ್ಕೇ ಫ್ಯಾಟ್‌ಹೆಡ್ ಮಿನ್ನೋ ಎಂಬ ಪುಟ್ಟ ಮೀನಿನ ಸಂತತಿ ಅಲ್ಲಿ ಅಳಿವಿನಂಚಿಗೆ ಬಂತು. ವರದಿ ಪ್ರಕಟವಾದದ್ದು 2007ರಲ್ಲಿ.

ಮೀನಿನ ಮೇಲೆ ಈಸ್ಟ್ರೋಜನ್ ಪ್ರಭಾವ ಬಿದ್ದಿದೆ ಎಂಬುದಕ್ಕೆ ಸೂಚಕ: ವಿಟೆಲ್ಲೊಜೆನಿನ್. ಮೊಟ್ಟೆಯ ಹಳದಿ ಭಾಗಕ್ಕೆ ಬೇಕಾದ ಈ ಪ್ರೋಟೀನು ಗಂಡು ಮೀನಿನಲ್ಲಿ ಹೇರಳವಾಗಿ ಕಂಡರೆ ಅದು ಅಪಾಯದ ಗಂಟೆ.

ಗೊಂದಲ ಬೇಡ: ವಿಟೆಲ್ಲೊಜೆನಿನ್ ತಯಾರಾಗುವುದು ಯಕೃತ್ತಿನಲ್ಲಿ, ಅಂಡಾಶಯದಲ್ಲಲ್ಲ. ಇನ್ನು ಗಂಡು ಮೀನಿನ ವೃಷಣದೊಳಗೆ ಅಂಡಾಣುಗಳು ಕಂಡರೆ ಅದು ಅಂತರಲಿಂಗ ಸ್ಥಿತಿ, ಪೂರ್ಣ ಲಿಂಗ ಬದಲಾವಣೆಯಲ್ಲ. ಬ್ರಿಟನ್ನಿನ ನದಿಗಳ ರೋಚ್ ಮೀನು ಅಂತರಲಿಂಗ ಸ್ಥಿತಿಗೆ ಉದಾಹರಣೆ.

ಸರೋವರ 260ಕ್ಕೆ ಹಾರ್ಮೋನ್ ಬೆರೆಸುವುದು ನಿಂತ ಕೆಲ ವರ್ಷಗಳಲ್ಲಿ ಮಿನ್ನೋ ಚೇತರಿಸಿಕೊಂಡಿತು.