ಅಟ್ಟ ಸೇರಿದ ಅರವತ್ತೊಂದು ಮನೆ

ಎರಡು ವರ್ಷ ನಮ್ಮ ಮನೆಯ ಅಟ್ಟದಲ್ಲಿ ಒಂದು ಕೀಬೋರ್ಡ್ ಮಲಗಿತ್ತು. ಹೆಂಡತಿಯ ಹಳೇ ಸೀರೆ ಹೊದ್ದುಕೊಂಡು, ಹಲಸಿನ ಹಪ್ಪಳದ ಡಬ್ಬಿಗೂ ದೀಪಾವಳಿಯ ಆಕಾಶಬುಟ್ಟಿಗೂ ನಡುವೆ. 61 ಮನೆಯದು, ಹಾರ್ಮೋನಿಯಂ ಕಲಿತವರ ಬಾಯಲ್ಲಿ ಕೀಗೆ ಮನೆ ಅಂತಲೇ ರೂಢಿ. ಕೊಂಡಾಗ ಕೊಟ್ಟದ್ದು 24,500 ರೂಪಾಯಿ, ಮಾರಿದಾಗ ಬಂದದ್ದು 11,500. ಅದರ ಮುಂದೆ ನಾನು ಕೂತದ್ದು ಹೆಚ್ಚೆಂದರೆ 40 ಸಲ. ಕಳೆದುಕೊಂಡ 13,000ವನ್ನು 40ರಿಂದ ಭಾಗಿಸಿದರೆ ಒಂದು ಸಲ ಕೂತದ್ದಕ್ಕೆ 325 ರೂಪಾಯಿ ಬಿತ್ತು. ಸಾಗರದ ಪೇಟೆಯಲ್ಲಿ ಆ ದುಡ್ಡಿಗೆ ಗಂಡ ಹೆಂಡತಿ ಊಟ ಮಾಡಿ, ಮೇಲೆ ಬಾಳೆಹಣ್ಣು, ಬೀಡಾ ಮುಗಿಸಿ ಮನೆಗೆ ಬರಬಹುದು.

ಕಾಲೇಜಿನಲ್ಲಿ ಪಾಠ ಹೇಳುವುದು ನನ್ನ ಹೊಟ್ಟೆಪಾಡು. ರಾತ್ರಿ ಹತ್ತರ ಮೇಲೆ, ರಸ್ತೆಯಲ್ಲಿ ಲಾರಿ ಸದ್ದು ಇಳಿದಾಗ, ಹಿಂದಿನ ಕೋಣೆಯಲ್ಲಿ ಹಾಡು ಕಟ್ಟುತ್ತೇನೆ. ಭಜನೆ, ಭಾವಗೀತೆ, ಶಾಲಾ ವಾರ್ಷಿಕೋತ್ಸವದ ನೃತ್ಯದ ಹಾಡು, ಒಮ್ಮೊಮ್ಮೆ ಯಕ್ಷಗಾನದ ಪದ. ಹಾಡೊಂದಕ್ಕೆ 1,500ರಿಂದ 2,500 ಸಿಗುತ್ತದೆ, ಸಿಕ್ಕಾಗ. ಇಂಥ ಸಂಪಾದನೆಯವನು 24,500ರ ಕೀಬೋರ್ಡ್ ತಂದದ್ದು ಹೇಗೆಂದರೆ, ನಿಮ್ಮ ಊಹೆ ಸರಿ: ಕಂತಿನಲ್ಲಿ.

'ನೋ ಕಾಸ್ಟ್ ಇಎಂಐ' ಅಂತ ಬರೆದಿತ್ತು. ನೋ ಕಾಸ್ಟ್ ಅಂದರೆ ಬಡ್ಡಿ ಇಲ್ಲ ಅಂತಲ್ಲ. ಬಡ್ಡಿಯಷ್ಟು ಮೊತ್ತವನ್ನು ಅಂಗಡಿಯವರು ಬೆಲೆಯಲ್ಲಿ ಇಳಿಸಿದಂತೆ ತೋರಿಸುತ್ತಾರೆ, ಬ್ಯಾಂಕು ಅದನ್ನು ಬಡ್ಡಿ ಅಂತಲೇ ವಸೂಲು ಮಾಡುತ್ತದೆ. ಆ ಬಡ್ಡಿಯ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ನಮ್ಮ ತಲೆಗೆ, ಪ್ರೊಸೆಸಿಂಗ್ ಶುಲ್ಕವೂ ನಮ್ಮ ತಲೆಗೆ. ನಗದು ಕೊಟ್ಟಿದ್ದರೆ ಸಿಗುತ್ತಿದ್ದ ರಿಯಾಯಿತಿಯೂ ಹೋಯಿತು. ಶೂನ್ಯ ಬಡ್ಡಿ ಎಂಬುದು ಹೆಸರಿಗೆ ಮಾತ್ರ, ಬಡ್ಡಿ ಬೇರೆ ರೂಪದಲ್ಲಿ ಸೇರಿಕೊಂಡಿರುತ್ತದೆ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಸುತ್ತೋಲೆ ಓದುವ ಹೊತ್ತಿನಲ್ಲಿ ನಾನು ಕೀಬೋರ್ಡಿನ ವಿಡಿಯೊ ನೋಡುತ್ತಿದ್ದೆ.

ಆದರೆ ಕಂತು ಸಣ್ಣ ತಪ್ಪು. ದೊಡ್ಡ ತಪ್ಪು ಬೇರೆ ಇತ್ತು. ನನ್ನ ಕೈಗೆ ಏನು ಬೇಕು ಅಂತ ಕೈಯನ್ನು ಕೇಳದೆ ಕಣ್ಣನ್ನು ಕೇಳಿದ್ದೆ.

ನಮ್ಮಪ್ಪ ಅಡಿಕೆಯ ಕೊನೆಕೊಯ್ಲಿನ ದಿನ ಅಂಗಳದ ಗೋಡೆಗೆ ಇದ್ದಿಲಲ್ಲಿ ಗೆರೆ ಎಳೆಯುತ್ತಿದ್ದ. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ಸಂಜೆ ಅದನ್ನು ಎಣಿಸಿದರೆ ಎಷ್ಟು ಕೊನೆ ಇಳಿಯಿತು ಅಂತ ಗೊತ್ತಾಗುತ್ತಿತ್ತು. ಬಾಯಿಮಾತಿನ ಲೆಕ್ಕವನ್ನು ಆತ ನಂಬುತ್ತಿರಲಿಲ್ಲ. ತಾಳ ಹೊಡೆಯುವ ಹೊಸದೊಂದು ಪ್ಯಾಡಿನ ಮೇಲೆ ಕಣ್ಣು ಬಿದ್ದಾಗ ಆ ಗೋಡೆ ನೆನಪಾಯಿತು. ಒಂದು ತಿಂಗಳು ಏನೂ ಕೊಳ್ಳುವುದಿಲ್ಲ ಅಂತ ನಿಶ್ಚಯಿಸಿ, ಮೌಸ್ ಪಕ್ಕ 20 ರೂಪಾಯಿಯ ನೋಟ್‌ಬುಕ್ ಇಟ್ಟೆ. ಕೆಲಸದ ನಡುವೆ ಕೈ ಎಲ್ಲೆಲ್ಲಿ ತಡವರಿಸಿತೋ ಅಲ್ಲೊಂದು ಗೆರೆ.

ತಿಂಗಳ ಕೊನೆಗೆ ಎಣಿಸಿದೆ. ರೆಕಾರ್ಡ್ ಒತ್ತಲು, ನಿಲ್ಲಿಸಲು, ತಪ್ಪಿದ್ದನ್ನು ಅಳಿಸಿ ಮತ್ತೆ ಶುರುಮಾಡಲು ಒದ್ದಾಡಿದ್ದು 341 ಸಲ. ಹಾಡಿನ ದನಿಯನ್ನು ಏರಿಸಿ ಇಳಿಸಿ ಹದಮಾಡಲು 212. ತಾಳದ ಪೆಟ್ಟನ್ನು ಸರಿಯಾದ ಜಾಗದಲ್ಲಿ ಕೂರಿಸಲು 96. ಕೀಬೋರ್ಡಿನ ದನಿಯಲ್ಲಿ ಗಮಕ ತರಲು 38. ಸಿಂಥಸೈಜರಿನ ಗುಂಡಿ ತಿರುಗಿಸಬೇಕು ಅನ್ನಿಸಿದ್ದು 9. ಎರಡೂ ಕೈ ಚಾಚಿ ಅಗಲವಾಗಿ ನುಡಿಸಬೇಕು ಅನ್ನಿಸಿದ್ದು ಬರೀ 4.

ಆ ನಾಲ್ಕು ಗೆರೆಗಾಗಿ 24,500 ಕೊಟ್ಟಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ನೆಲ ನಿಜಕ್ಕೂ ಡೊಂಕಾಗಿತ್ತು, ಆದರೆ ನಾನು ಕಲ್ಲು ಹಾಸಿಸಿದ್ದು ಬೇರೆ ಕೋಣೆಗೆ.

ಮೊದಲು 341ರ ಕತೆ. ಲ್ಯಾಪ್‌ಟಾಪಿನ ಫ್ಯಾನ್ ಸದ್ದು ಕೇಳದಿರಲಿ ಅಂತ ಮೈಕನ್ನು ಕೋಣೆಯ ಇನ್ನೊಂದು ಮೂಲೆಯಲ್ಲಿ, ಬಟ್ಟೆ ತುಂಬಿದ ಕಪಾಟಿನೆದುರು ನಿಲ್ಲಿಸಿದ್ದೇನೆ. ರೆಕಾರ್ಡ್ ಒತ್ತಿ ಆರು ಹೆಜ್ಜೆ ಓಡಿ ಮೈಕಿನ ಮುಂದೆ ನಿಂತರೆ ಮೊದಲ ಸಾಲಿನಲ್ಲಿ ಪಲ್ಲವಿಗಿಂತ ಏದುಸಿರೇ ಜಾಸ್ತಿ. ಅದಕ್ಕೆ ಮದ್ದು ಸಿಕ್ಕಿದ್ದು ಸಂಗೀತದ ಅಂಗಡಿಯಲ್ಲಲ್ಲ. ಗುಮಾಸ್ತರು ಲೆಕ್ಕ ಹೊಡೆಯಲು ಬಳಸುವ, ಬರೀ ಅಂಕಿಗಳಿರುವ ವೈರ್‌ಲೆಸ್ ಕೀಪ್ಯಾಡು, 600 ರೂಪಾಯಿ. ನಾನು ಬಳಸುವ ರೀಪರ್ ತಂತ್ರಾಂಶದಲ್ಲಿ ಯಾವ ಕೀಗೆ ಯಾವ ಕೆಲಸ ಬೇಕಾದರೂ ವಹಿಸಬಹುದು. ಅದನ್ನು 60 ದಿನ ಪುಕ್ಕಟೆ ಪರೀಕ್ಷಿಸಿ ನೋಡಿ, ಆಮೇಲೆ ಮನೆಬಳಕೆಯ ಲೈಸೆನ್ಸಿಗೆ 60 ಡಾಲರ್ ಕೊಟ್ಟಿದ್ದೆ. ಕೀಪ್ಯಾಡನ್ನು ಮೈಕಿನ ಕಂಬಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ಮೂರು ಬಿಂದಿ ಅಂಟಿಸಿದೆ: ಕೆಂಪು ಅಂದರೆ ರೆಕಾರ್ಡ್, ಹಸಿರು ಅಂದರೆ ಕೇಳು, ಹಳದಿ ಅಂದರೆ ಅಳಿಸಿ ಮೊದಲಿಂದ. ಪದ ಹೇಳಲು ಬರುವ ಭಾಗವತರು ಕಂಪ್ಯೂಟರ್ ಮುಟ್ಟಿದವರಲ್ಲ. ಎರಡನೇ ದಿನಕ್ಕೆ ಅವರೇ ಹಳದಿ ಒತ್ತಿ 'ಮತ್ತೊಂದ್ಸಲ' ಅನ್ನತೊಡಗಿದರು.

ಇನ್ನು 212. ಹಾಡುವವರು ಪಲ್ಲವಿಯಲ್ಲಿ ಮೈಕಿಗೆ ಬಾಗುತ್ತಾರೆ, ಚರಣದ ಕೊನೆಯಲ್ಲಿ ಉಸಿರು ಸಾಲದೆ ಕೊನೆಯ ಅಕ್ಷರ ನುಂಗುತ್ತಾರೆ. ಕನ್ನಡದಲ್ಲಿ ಕೊನೆಯ ಅಕ್ಷರ ಹೋದರೆ ವಿಭಕ್ತಿಯೇ ಹೋಯಿತು. 'ಮನೆಗೆ' ಅಂದದ್ದೋ 'ಮನೆಯ' ಅಂದದ್ದೋ ತಿಳಿಯದು. ಅಂಥ ಅಕ್ಷರವನ್ನು ಮೌಸಿನಲ್ಲಿ ಎತ್ತುವುದೆಂದರೆ ತೆರೆಯ ಮೇಲೆ ಚುಕ್ಕಿ ಇಟ್ಟು ರಂಗೋಲಿ ಬಿಟ್ಟ ಹಾಗೆ. ನಾಲ್ಕು ನಿಮಿಷದ ಹಾಡಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಬೆರಳ ಕೆಳಗೊಂದು ಫೇಡರ್, ಅಂದರೆ ಮೇಲೆ ಕೆಳಗೆ ಜಾರುವ ಹಿಡಿ, ಇದ್ದರೆ ಹಾಡು ಕೇಳುತ್ತಾ ಕೇಳುತ್ತಾ ದನಿಯನ್ನು ಎತ್ತಿ ಇಳಿಸಬಹುದು. ಮೂರು ಸಲ ಓಡಿಸಿದರೆ ಮುಗಿಯಿತು, ಹನ್ನೆರಡು ನಿಮಿಷ.

ಫೋನನ್ನೇ ಫೇಡರ್ ಫಲಕವಾಗಿಸುವ ಟಚ್‌ಒಎಸ್‌ಸಿಯಂಥ ಆ್ಯಪ್‌ಗಳಿವೆ. ಮೊದಲು ಅದನ್ನೇ ನೋಡಿದೆ. ಗಾಜಿನ ಮೇಲೆ ಬೆರಳಿಗೆ ದಾರಿ ಸಿಗುವುದಿಲ್ಲ. ಎಲ್ಲಿದ್ದೇನೆ ಅಂತ ಕಣ್ಣು ಹೋಗಿ ನೋಡಬೇಕು, ನೋಡಿದರೆ ಕಿವಿ ಹಾಡಿನಿಂದ ಜಾರುತ್ತದೆ. ಕಣ್ಣಿನ ಹಂಗಿಲ್ಲದೆ ಕೈ ಕೆಲಸ ಮಾಡಬೇಕು, ಕೊಡುವ ದುಡ್ಡು ಅದಕ್ಕೇ.

ಇಲ್ಲೊಂದು ವಿಷಯ ತಿಳಿದಿದ್ದರೆ ದುಡ್ಡು ಉಳಿಯುತ್ತದೆ. ಇಂಥ ಸಲಕರಣೆಗಳೆಲ್ಲ ಕಂಪ್ಯೂಟರಿನೊಡನೆ ಮಾತಾಡುವುದು ಮಿಡಿ ಎಂಬ ಭಾಷೆಯಲ್ಲಿ. 1983ರಲ್ಲಿ ಬಂದದ್ದು ಇನ್ನೂ ನಡೆಯುತ್ತಿದೆ. ಅದರಲ್ಲಿ ಸಾಮಾನ್ಯ ಗುಂಡಿ ಅಥವಾ ಫೇಡರ್ ಹೇಳುವುದು ಸೊನ್ನೆಯಿಂದ 127ರವರೆಗಿನ ಒಂದು ಸಂಖ್ಯೆ, ಅಷ್ಟೆ. ಎರಡು ಸಾವಿರದ್ದೂ ಬಹುಮಟ್ಟಿಗೆ ಆ 128 ಮೆಟ್ಟಿಲನ್ನೇ ಹತ್ತುತ್ತದೆ, ಇಪ್ಪತ್ತು ಸಾವಿರದ್ದೂ ಅದನ್ನೇ. ಹೆಚ್ಚು ಕೊಟ್ಟರೆ ಬರುವುದು ಗಟ್ಟಿ ಮೈ, ಉದ್ದದ ಓಟ, ಪುಟ್ಟ ತೆರೆ, ತಾನಾಗಿ ಚಲಿಸುವ ಮೋಟಾರು. ಹಾಡಿನ ಗುಣಮಟ್ಟ ಅದರೊಳಗೆ ಕೂತಿರುವುದಿಲ್ಲ. ಅದು ಮೈಕು, ಹೆಡ್‌ಫೋನು, ಕಿವಿಗಳ ಕೆಲಸ. ಅಲ್ಲಿ ಜಿಪುಣತನ ಬೇಡ.

ಹಾಗಾಗಿ ಫೇಡರನ್ನು ನಾನೇ ಕಟ್ಟೋಣವೆಂದು, ಮೌಲ್ಯಮಾಪನಕ್ಕೆ ಬೆಂಗಳೂರಿಗೆ ಹೋದಾಗ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌.ಪಿ. ರೋಡಿನಲ್ಲಿ ಒಂದು ಸಂಜೆ ಕಳೆದೆ. ಎರಡು ಜಾರುವ ಪೊಟೆನ್ಶಿಯೊಮೀಟರ್, 32ಯು4 ಚಿಪ್ಪಿನ ಪ್ರೊ ಮೈಕ್ರೊ ಬೋರ್ಡು, ಒಂದಿಷ್ಟು ತಂತಿ ತಂದೆ. ಚಿಪ್ಪಿನ ಹೆಸರು ಹಿಡಿದೇ ಕೇಳಬೇಕು: ಇದು ಯುಎಸ್‌ಬಿ ಚುಚ್ಚಿದೊಡನೆ ಮಿಡಿ ಸಲಕರಣೆಯಂತೆ ನಡೆದುಕೊಳ್ಳಬಲ್ಲದು. ಎಲ್ಲರ ಬಾಯಲ್ಲಿರುವ ಹಳೆಯ ಆರ್ಡುಯಿನೊ ಯುನೊ ನೇರವಾಗಿ ಹಾಗೆ ಮಾಡದು. ಫಿಸಿಕ್ಸ್ ಮೇಷ್ಟ್ರ ಬೆಸುಗೆ ಕಡ್ಡಿ ಸಾಲ ತಂದು, ಹಲಸಿನ ಹಲಗೆಯ ತುಂಡಿಗೆ ಎಲ್ಲ ಕೂರಿಸಿದೆ. ಫೇಡರ್ ಅರ್ಧ ದಾರಿ ಏರಿದರೂ ತೆರೆಯ ಮೇಲಿನ ಲೆಕ್ಕ 15, 20 ದಾಟುತ್ತಿಲ್ಲ. ಆಮೇಲೆ ಒಮ್ಮೆಗೇ ಹಾರಿ 127! ಬೋರ್ಡು ಕೆಟ್ಟಿದೆ ಅಂತ ಎರಡು ರಾತ್ರಿ ಬೈದೆ. ಮೂರನೇ ರಾತ್ರಿ ಭೂತಗನ್ನಡಿ ಹಿಡಿದು ನೋಡಿದರೆ ಪೊಟೆನ್ಶಿಯೊಮೀಟರಿನ ಮೈಮೇಲೆ ಎ10ಕೆ ಅಂತಿದೆ. ಎ ಅಂದರೆ ರೇಡಿಯೊ ವಾಲ್ಯೂಮಿಗೆ ಹೇಳಿಮಾಡಿಸಿದ್ದು. ಮೊದಲು ನಿಧಾನ, ಕೊನೆಗೆ ದಡಬಡ. ನನಗೆ ಬೇಕಿದ್ದದ್ದು ಒಂದೇ ಸಮ ಏರುವ ಬಿ10ಕೆ. ಒಂದು ಅಕ್ಷರಕ್ಕೆ 120 ರೂಪಾಯಿ ದಂಡ. ಬಿ ಬಂದ ಮೇಲೆ ಇನ್ನೊಂದು ತರಲೆ: ಬೆರಳು ತೆಗೆದರೂ ಲೆಕ್ಕ 63, 64 ಅಂತ ನಡುಗುತ್ತಿತ್ತು. ಬೋರ್ಡು ಓದುವುದು ಸೊನ್ನೆಯಿಂದ 1,023ರವರೆಗೆ. ಅದನ್ನು ಎಂಟರಿಂದ ಭಾಗಿಸಿದರೆ 128 ಮೆಟ್ಟಿಲು. ಮೆಟ್ಟಿಲಿನ ಅಂಚಿನಲ್ಲಿ ನಿಂತರೆ ಕಾಲು ಆಚೀಚೆ ಆಗುತ್ತದೆ. ಸಣ್ಣ ನಡುಕವನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತ ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದ ಮೇಲೆ ಸುಮ್ಮನಾಯಿತು.

ದಂಡವೂ ಸೇರಿ ಖರ್ಚು 1,150, ಜೊತೆಗೆ ಎರಡು ಭಾನುವಾರ. ಭಾನುವಾರಕ್ಕೂ ಬೆಲೆ ಕಟ್ಟುವವರಾದರೆ ಇದು ಅಗ್ಗವಲ್ಲ. ಅವರು ಕೋರ್ಗ್‌ನ ನ್ಯಾನೊಕಂಟ್ರೋಲ್2ರಂಥ, ಎಂಟು ಫೇಡರ್ ಎಂಟು ಗುಂಡಿಯ ಪುಟ್ಟ ಫಲಕವನ್ನು ಸೆಕೆಂಡ್ ಹ್ಯಾಂಡ್ ಹುಡುಕಲಿ. ಯಾವುದನ್ನು ತಂದರೂ ತಂತ್ರಾಂಶದಲ್ಲಿ 'ಪಿಕಪ್' ಅಥವಾ 'ಸಾಫ್ಟ್ ಟೇಕೋವರ್' ಆಯ್ಕೆ ಹಾಕಿಕೊಳ್ಳಿ. ಇಲ್ಲದಿದ್ದರೆ ತೆರೆಯ ಮೇಲೆ ದನಿ 90ರಲ್ಲಿದ್ದು ನಿಮ್ಮ ಫೇಡರ್ 20ರಲ್ಲಿದ್ದಾಗ, ಮುಟ್ಟಿದೊಡನೆ ಹಾಡು ಬಾವಿಗೆ ಬಿದ್ದಂತೆ ಕುಸಿಯುತ್ತದೆ. ದುಬಾರಿ ಫೇಡರುಗಳ ಮೋಟಾರು ತಪ್ಪಿಸುವುದು ಇದನ್ನೇ. ಆಯ್ಕೆ ಮಾತ್ರ ಪುಕ್ಕಟೆ.

96ರ ತಾಳಕ್ಕೆ ಎಂಟು ಪ್ಯಾಡಿನ ಹಳೆಯ ಪೆಟ್ಟಿಗೆಯೊಂದನ್ನು ಶಿವಮೊಗ್ಗದ ಹುಡುಗನಿಂದ 2,800ಕ್ಕೆ ಕೊಂಡೆ. ಆರಂಭದಲ್ಲಿ ಹೊಡೆದ ಪೆಟ್ಟು ಸ್ವಲ್ಪ ತಡವಾಗಿ ಕೇಳುತ್ತಿತ್ತು, ಮೋಸಹೋದೆ ಅಂದುಕೊಂಡೆ. ತಪ್ಪು ಪ್ಯಾಡಿನದಲ್ಲ, ದನಿಯನ್ನು ಹೊರಬಿಡುವ ಮೊದಲು ಕಂಪ್ಯೂಟರು ಕೂಡಿಟ್ಟುಕೊಳ್ಳುವ ಬಫರಿನದು. 1,024 ಸ್ಯಾಂಪಲಿನ ಬಫರೆಂದರೆ ಸುಮಾರು 23 ಮಿಲಿಸೆಕೆಂಡ್ ತಡ, 128 ಮಾಡಿದರೆ 3. ಮದ್ದಳೆ ನುಡಿಸುವ ಕೈಗೆ 23 ಗೊತ್ತಾಗಿಯೇ ಆಗುತ್ತದೆ. ಹೊಸ ಪ್ಯಾಡ್ ಕೊಳ್ಳುವ ಮೊದಲು ಈ ಅಂಕಿ ಇಳಿಸಿ ನೋಡಿ.

38ರ ಗಮಕದಲ್ಲಿ ಮಾತ್ರ ನನ್ನ ಲೆಕ್ಕ ತಪ್ಪಿತು. ಕೀಬೋರ್ಡಿನ ಎಡತುದಿಯ ಪಿಚ್ ಚಕ್ರ ಸಾಮಾನ್ಯವಾಗಿ ಎರಡು ಸ್ವರಸ್ಥಾನದಷ್ಟೇ ಜಾರುತ್ತದೆ, ಷಡ್ಜದಿಂದ ಪಂಚಮಕ್ಕೆ ಏಳು ಬೇಕು. ಆ ಮಿತಿಯನ್ನು ತಂತ್ರಾಂಶದಲ್ಲಿ 12ಕ್ಕೆ ಏರಿಸಬಹುದು. ಚಕ್ರಕ್ಕೆ ಮಿಡಿಯಲ್ಲಿ 128 ಅಲ್ಲ, 16,384 ಮೆಟ್ಟಿಲು. ಹಾಗಾಗಿ ಜಾರು ನುಣುಪಾಗಿಯೇ ಬರುತ್ತದೆ. ಇದು ತಿಳಿದದ್ದು ಅಟ್ಟದ ಕೀಬೋರ್ಡ್ ಮಾರಿದ ಮೂರನೇ ವಾರ. ಚಕ್ರಕ್ಕಾಗಿ ಇನ್ನೊಂದು ತರಲು ಮನಸ್ಸು ಬರಲಿಲ್ಲ. ಹೆಗ್ಗೋಡು ಕಡೆಯ ಹುಡುಗನೊಬ್ಬ ಪಿಟೀಲು ಹಿಡಿದು ಬರುತ್ತಾನೆ, ಹಾಡಿಗೆ 800 ಕೊಡುತ್ತೇನೆ. ಗಮಕ ಅವನ ಬೆರಳಲ್ಲೇ ಇದೆ, ಸೆಟ್ಟಿಂಗ್ ಬೇಕಿಲ್ಲ.

ಕೀಪ್ಯಾಡು, ಫೇಡರು, ಪ್ಯಾಡು ಸೇರಿ ಒಟ್ಟು ಖರ್ಚು 4,550. ಮೂರು ನೃತ್ಯದ ಹಾಡಿಗೆ ತೀರಿತು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ನನ್ನ ಪರೀಕ್ಷೆ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್ ಒಯ್ಯಿರಿ. ಪ್ರತಿ ಗುಂಡಿಯನ್ನೂ ಸೊನ್ನೆಯಿಂದ 127ಕ್ಕೆ ಬಲು ನಿಧಾನ ತಿರುಗಿಸಿ, ಲೆಕ್ಕ ನಡುವೆ ಜಿಗಿದರೆ ಒಳಗೆ ಧೂಳಿದೆ ಅಥವಾ ಸವೆದಿದೆ. ಪ್ಯಾಡಿನ ನಡುವೆ ಎಲ್ಲರೂ ಹೊಡೆದು ನೋಡುತ್ತಾರೆ, ನೀವು ನಾಲ್ಕೂ ಮೂಲೆ ಹೊಡೆಯಿರಿ. ಯುಎಸ್‌ಬಿ ವೈರನ್ನು ಮೆಲ್ಲಗೆ ಅಲ್ಲಾಡಿಸಿ, ಸಂಪರ್ಕ ತಪ್ಪಿದರೆ ಎದ್ದು ಬನ್ನಿ. ಜೊತೆಗೆ ಬಂದ ತಂತ್ರಾಂಶದ ಲೈಸೆನ್ಸನ್ನು ಮೊದಲ ಯಜಮಾನ ಬಳಸಿ ಮುಗಿಸಿರುತ್ತಾನೆ ಅಂತಲೇ ಇಟ್ಟುಕೊಂಡು ಬೆಲೆ ಕಟ್ಟಿ. ನಮ್ಮ ಮಲೆನಾಡಿನವರಿಗೆ ಇನ್ನೊಂದು ಮಾತು: ಆಷಾಢ ಕಳೆಯುವಷ್ಟರಲ್ಲಿ ಫೇಡರುಗಳ ಲೆಕ್ಕ ಜಿಗಿಯತೊಡಗುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಸಾಕು. ಬಾಗಿಲಿನ ತಿರುಗಣಿಗೆ ಬಿಡುವ ಎಣ್ಣೆ ಬೇಡ.

ನೋಟ್‌ಬುಕ್ ಈಗಲೂ ಮೌಸ್ ಪಕ್ಕದಲ್ಲಿದೆ, ಗೆರೆಯೂ ನಡೆದಿದೆ. ಹೋದ ತಿಂಗಳು ಎಣಿಸಿದೆ. ರೆಕಾರ್ಡಿನ ಸಾಲು 12ಕ್ಕೆ ಇಳಿದಿದೆ, ದನಿಯದು 20ಕ್ಕೆ. ಆದರೆ ಹೊಸ ಸಾಲೊಂದು ಹುಟ್ಟಿಕೊಂಡು ಎಲ್ಲವನ್ನೂ ಹಿಂದೆ ಹಾಕಿದೆ: ಕತ್ತಲೆಯಲ್ಲಿ ಗುಂಡಿ ಕಾಣದೆ ಕನ್ನಡಕ ತಡಕಿದ್ದು, 57. ಟ್ಯೂಬ್‌ಲೈಟ್ ಗುಂಯ್‌ಗುಡುವುದು ಮೈಕಿಗೆ ಸೇರುತ್ತದೆಂದು ಆರಿಸಿ ಕೂರುತ್ತೇನಲ್ಲ, ಅದರ ಫಲ. ಈ ವರ್ಷದ ದೊಡ್ಡ ಖರೀದಿ ಹಾಗಾಗಿ ನಿಶ್ಚಯವಾಗಿದೆ. ಮಗಳ ಓದಿನ ಮೇಜಿನ ಮೇಲಿರುವಂಥ ಒಂದು ದೀಪ, 350 ರೂಪಾಯಿ. ಕಂತಿಲ್ಲ, ನಗದು.